ದತ್ತು ತಂದ ನಾಯಿಯ ಹೊಟ್ಟೆ ಕೆಟ್ಟರೆ: ಮೊದಲ ಹತ್ತು ದಿನಗಳ ಕೈಪಿಡಿ

ಹೊಸ ನಾಯಿ ಮನೆಗೆ ಬಂದ ಮೊದಲ ವಾರದಲ್ಲಿ ಅದರ ಹೊಟ್ಟೆ ಕೆಡುವುದು ತೀರಾ ಸಾಮಾನ್ಯ. ಜಾಗ ಹೊಸದು, ಜನ ಹೊಸಬರು, ಊಟ ಬೇರೆ. ಕರುಳು ಕೆರಳಲು ಬರೀ ಗಾಬರಿಯೂ ಸಾಕು. ಅದರ ಮೇಲೆ ನಮ್ಮ ಉಪಚಾರ ಬೇರೆ. ಬೆಂಗಳೂರಿನ ಲಿಂಗರಾಜಪುರದ ಯಾವುದೇ ವಠಾರಕ್ಕೆ ಒಂದು ನಾಯಿಮರಿ ಬರಲಿ, ಕೆಳಗಿನ ಮನೆಯವರು ಹಾಲು ತರುತ್ತಾರೆ, ಎದುರು ಮನೆಯ ಆಂಟಿ ಪಾರ್ಲೆ-ಜಿ ತರುತ್ತಾರೆ, ಮಕ್ಕಳು ಚಿಪ್ಸ್ ಹಾಕುತ್ತಾರೆ. ಸಂಜೆಗೆ ಬಿರಿಯಾನಿಯ ಮೂಳೆಯೂ ಬಂದು ಬೀಳುತ್ತದೆ. ಮರುದಿನ ಬೆಳಿಗ್ಗೆ ಮನೆಯೆಲ್ಲ ಗಲೀಜು.

ಇಂಥ ಭೇದಿ ಹೆಚ್ಚಿನಂಶ ಎರಡು ಮೂರು ದಿನದಲ್ಲಿ ನಿಲ್ಲುತ್ತದೆ. ಕೆಲವು ಮಾತ್ರ ಜೀವಕ್ಕೇ ಕುತ್ತು ತರುತ್ತವೆ. ಮನೆಯವರು ಮಾಡಬೇಕಾದ್ದು ಮೂರೇ: ಹೊಟ್ಟೆಗೆ ಹೊಸದೇನೂ ಹಾಕದಿರುವುದು, ಕಣ್ಣಿಟ್ಟು ನೋಡುವುದು, ಓಡಬೇಕಾದಾಗ ತಡಮಾಡದಿರುವುದು.

ಹಂತ 1: ತರುವ ಮೊದಲೇ ಕೇಳಿಕೊಳ್ಳಿ

ಬೆಂಗಳೂರಿನಲ್ಲಿ ನಾಯಿ ದತ್ತು ಕೊಡುವ ಸಂಸ್ಥೆಗಳಿಗೆ ಕೊರತೆಯಿಲ್ಲ. ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಕಟ್ಟಿದ ಕ್ಯೂಪಾ ಅವುಗಳಲ್ಲಿ ಹಳೆಯದು. ಸಂಸ್ಥೆಯಿಂದ ತಂದರೂ ಸರಿ, ಪರಿಚಯದವರಿಂದ ತಂದರೂ ಸರಿ, ನಾಲ್ಕು ಪ್ರಶ್ನೆ ಕೇಳಿ: ಈಗ ಏನು ತಿನ್ನುತ್ತಿದೆ, ದಿನಕ್ಕೆ ಎಷ್ಟು ಸಲ? ಜಂತುಹುಳುವಿನ ಔಷಧ ಕೊನೆಗೆ ಕೊಟ್ಟಿದ್ದು ಯಾವತ್ತು? ಯಾವ ಯಾವ ಲಸಿಕೆ ಆಗಿದೆ? ಜೊತೆಗಿದ್ದ ನಾಯಿಗಳಿಗೆ ವಾಂತಿ ಭೇದಿ ಇತ್ತೇ? ಲಸಿಕೆ ಕಾರ್ಡಿನ ಫೋಟೊ ತೆಗೆದಿಟ್ಟುಕೊಳ್ಳಿ. ಸಾಧ್ಯವಾದರೆ ಅದು ತಿನ್ನುತ್ತಿದ್ದ ಆಹಾರವನ್ನೇ ಆರು ದಿನಕ್ಕಾಗುವಷ್ಟು ಕೇಳಿ ತನ್ನಿ.

ಹಂತ 2: ಊಟವನ್ನು ನಿಧಾನವಾಗಿ ಬದಲಿಸಿ

ಮೊದಲ ಮೂರು ದಿನ ಹಳೆಯ ಊಟ ಮಾತ್ರ. ನಿಮ್ಮ ಆಯ್ಕೆಯ ಆಹಾರ ಎಷ್ಟೇ ಒಳ್ಳೆಯದಿರಲಿ, ಸ್ವಲ್ಪ ಕಾಯಲಿ. ಆಮೇಲೆ ಹೀಗೆ ಬದಲಿಸಿ:

- 4 ಮತ್ತು 5ನೇ ದಿನ: ಹಳೆಯದು ಮುಕ್ಕಾಲು, ಹೊಸದು ಕಾಲು.
- 6 ಮತ್ತು 7ನೇ ದಿನ: ಅರ್ಧಕ್ಕರ್ಧ.
- 8 ಮತ್ತು 9ನೇ ದಿನ: ಹಳೆಯದು ಕಾಲು, ಹೊಸದು ಮುಕ್ಕಾಲು.
- 10ನೇ ದಿನ: ಪೂರ್ತಿ ಹೊಸದು.

ನಡುವೆ ಮಲ ತೆಳುವಾದರೆ ಹಿಂದಿನ ಮೆಟ್ಟಿಲಿಗೆ ಇಳಿದು ಎರಡು ದಿನ ಅಲ್ಲೇ ಇರಿ. ಹಾಲು ಬೇಡ. ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಕುಡಿಯಲು ಮನೆಯವರು ಕುಡಿಯುವ ಶುದ್ಧ ನೀರನ್ನೇ ಇಡಿ. ಅಕ್ಕಪಕ್ಕದವರಿಗೆ, ಮಕ್ಕಳಿಗೆ ನಯವಾಗಿ ಹೇಳಿಬಿಡಿ: ಹತ್ತು ದಿನ ಯಾರೂ ಏನೂ ಹಾಕಬೇಡಿ, ಬೇಕಾದರೆ ಬಂದು ಆಟವಾಡಿಸಿ.

ಹಂತ 3: ಮಲವನ್ನು ನೋಡಿ, ಬರೆದಿಡಿ

ಅಸಹ್ಯಪಟ್ಟುಕೊಂಡು ತಕ್ಷಣ ಒರೆಸಿಬಿಡಬೇಡಿ. ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಡಾಕ್ಟರಿಗೆ ನಿಮ್ಮ ವರ್ಣನೆಗಿಂತ ಅದು ಹೆಚ್ಚು ಹೇಳುತ್ತದೆ. ಮೇಲಿಂದ ಮೇಲೆ ಹೋಗಿ, ಮುಕ್ಕಿ, ಸ್ವಲ್ಪ ಸ್ವಲ್ಪವೇ ಲೋಳೆಯ ಜೊತೆ ಹಾಕುತ್ತಿದ್ದರೆ ತೊಂದರೆ ಸಾಮಾನ್ಯವಾಗಿ ದೊಡ್ಡಕರುಳಿನದು. ಗಾಬರಿಯಿಂದ ಆಗುವ ಭೇದಿ ಹೆಚ್ಚಾಗಿ ಹೀಗೇ ಇರುತ್ತದೆ. ಒಂದೊಂದು ಸಲಕ್ಕೂ ನೀರಿನಂತೆ ಬಹಳ ಹೋದರೆ ಸಣ್ಣಕರುಳಿನ ಕಡೆ ಅನುಮಾನ ಪಡಬೇಕು, ಅಂಥ ನಾಯಿ ಬೇಗ ಸೊರಗುತ್ತದೆ. ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿದ್ದರೆ ಒಳಗೆ ಮೇಲ್ಭಾಗದಲ್ಲೆಲ್ಲೋ ರಕ್ತ ಸೋರುತ್ತಿರಬಹುದು. ಎಷ್ಟು ಗಂಟೆಗೆ, ಎಷ್ಟು ಸಲ, ವಾಂತಿ ಆಯಿತೇ ಎನ್ನುವುದನ್ನು ಕ್ಯಾಲೆಂಡರಿನ ಮೇಲೆ ಗುರುತು ಮಾಡಿ.

ಹಂತ 4: ಮೈಯಲ್ಲಿ ನೀರಿದೆಯೇ ಪರೀಕ್ಷಿಸಿ

ಭೇದಿಯಾದ ನಾಯಿಯನ್ನು ಕೊಲ್ಲುವುದು ಹಲವು ಸಲ ನೀರಿನ ಕೊರತೆಯೇ. ಇದನ್ನು ಮನೆಯಲ್ಲೇ ಒಂದು ನಿಮಿಷದಲ್ಲಿ ನೋಡಬಹುದು. ಹೆಗಲ ನಡುವಿನ ಚರ್ಮವನ್ನು ಎರಡು ಬೆರಳಿನಲ್ಲಿ ಮೇಲೆತ್ತಿ ಬಿಡಿ. ತಟ್ಟನೆ ಹಿಂದಕ್ಕೆ ಹೋದರೆ ಸರಿ, ಮಡಿಕೆ ಹಾಗೇ ನಿಂತರೆ ನೀರು ಕಡಿಮೆಯಾಗಿದೆ. ಮುದಿಯಾದ, ಬಡಕಲಾದ ನಾಯಿಯಲ್ಲಿ ಈ ಪರೀಕ್ಷೆ ದಾರಿ ತಪ್ಪಿಸಬಹುದು. ಹಾಗಾಗಿ ತುಟಿ ಎತ್ತಿ ಒಸಡನ್ನೂ ನೋಡಿ. ಒಸಡು ಗುಲಾಬಿ ಬಣ್ಣವಿದ್ದು ಒದ್ದೆಯಾಗಿರಬೇಕು. ಬೆರಳಿನಿಂದ ಒತ್ತಿದಾಗ ಬಿಳಿಚಿ, ಬಿಟ್ಟ ಮೇಲೆ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಒಸಡು ಒಣಗಿ ಅಂಟಂಟಾಗಿದ್ದರೆ ನೀರಿನ ಕೊರತೆ. ಬಿಳಿಚಿಕೊಂಡಿದ್ದರೆ ರಕ್ತಹೀನತೆ ಇರಬಹುದು. ಕೊಕ್ಕೆಹುಳು, ಉಣ್ಣೆಯಿಂದ ಬರುವ ಜ್ವರ ಎರಡೂ ಇದಕ್ಕೆ ಕಾರಣವಾಗಬಲ್ಲವು.

ನಾಯಿಯ ಸಹಜ ತಾಪ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗೆ ಜ್ವರ ಅನ್ನಿಸುವಷ್ಟು ಬಿಸಿ ಅದಕ್ಕೆ ಸಹಜ. 103 ದಾಟಿದರೆ ಡಾಕ್ಟರಿಗೆ ತೋರಿಸಿ.

ಹಂತ 5: ಪಥ್ಯ

ನಾಯಿ ಬೆಳೆದದ್ದಾಗಿದ್ದು, ಚುರುಕಾಗಿ ಓಡಾಡಿಕೊಂಡು, ಬರೀ ಭೇದಿ ಮಾತ್ರ ಇದ್ದರೆ ಉಪವಾಸ ಹಾಕಬೇಕಿಲ್ಲ. ಒಂದೆರಡು ಸಲ ವಾಂತಿಯೂ ಆಗಿದ್ದರೆ ಆರೆಂಟು ಗಂಟೆ ಊಟ ನಿಲ್ಲಿಸಿ, ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಸಿ. ಮರಿಗಳನ್ನು ಮಾತ್ರ ಉಪವಾಸ ಕೆಡವಬೇಡಿ. ಅವುಗಳ ರಕ್ತದಲ್ಲಿ ಸಕ್ಕರೆ ಬೇಗ ಇಳಿಯುತ್ತದೆ.

ಪಥ್ಯದ ಅಡುಗೆ ಸುಲಭ. ಮೂಳೆ, ಚರ್ಮ ತೆಗೆದ ಕೋಳಿಮಾಂಸ ಒಂದು ಪಾಲು, ಮೆತ್ತಗೆ ಬೆಂದ ಅನ್ನ ಎರಡು ಪಾಲು. ಉಪ್ಪು, ಎಣ್ಣೆ, ಮಸಾಲೆ ಏನೂ ಬೇಡ. ಜೊತೆಗೆ ಒಂದೆರಡು ಚಮಚ ಬೇಯಿಸಿದ ಸಿಹಿಕುಂಬಳ ಸೇರಿಸಬಹುದು. ದಿನದ ಊಟವನ್ನು ನಾಲ್ಕು ಪಾಲು ಮಾಡಿ ಕೊಡಿ. ಮನೆಗೆ ಮಾಂಸ ತರದವರು, ಮೊಟ್ಟೆ ಆಗುವುದಾದರೆ, ಬೇಯಿಸಿದ ಮೊಟ್ಟೆ ಕೊಡಬಹುದು. ಅದೂ ಆಗದಿದ್ದರೆ ಗಂಜಿಯಂಥ ಅನ್ನಕ್ಕೆ ಒಂದು ಚಮಚ ಮೊಸರು ಹಾಕಿ ನೋಡಿ. ಒಗ್ಗರಣೆ ಹಾಕಿದ ಮೊಸರನ್ನ ಖಂಡಿತ ಬೇಡ. ಮಲ ಗಟ್ಟಿಯಾದ ಮೇಲೆ ಮೂರು ನಾಲ್ಕು ದಿನದಲ್ಲಿ ಹಳೆಯ ಊಟಕ್ಕೆ ಮರಳಿ. ಪಥ್ಯದಲ್ಲಿ ನಾಯಿಗೆ ಬೇಕಾದ ಎಲ್ಲ ಪೋಷಕಾಂಶ ಇರುವುದಿಲ್ಲ.

ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು, ದ್ರಾಕ್ಷಿ ನಾಯಿಗೆ ವಿಷ. ಹಾಗಾಗಿ ಸಾಂಬಾರ್ ಕಲಸಿದ ಅನ್ನ ಬೇಡ. ಕ್ರಿಸ್‌ಮಸ್ ಸಮಯದಲ್ಲಿ ಲಿಂಗರಾಜಪುರ ಭಾಗದ ಮನೆಮನೆಗೆ ಬರುವ ಪ್ಲಮ್ ಕೇಕಿನಲ್ಲಿ ಒಣದ್ರಾಕ್ಷಿ ತುಂಬಿರುತ್ತದೆ, ಅದನ್ನು ಎತ್ತರದಲ್ಲಿಡಿ. ಬೆಂದ ಮೂಳೆ ಚೂರಾಗಿ ಕರುಳನ್ನು ಸೀಳಬಹುದು.

ಹಂತ 6: ಮನೆಯ ಔಷಧದ ಡಬ್ಬಿ ಮುಟ್ಟಬೇಡಿ

ಮನುಷ್ಯರ ಭೇದಿ ನಿಲ್ಲಿಸುವ ಮಾತ್ರೆ ಸೋಂಕನ್ನು ಹೊಟ್ಟೆಯೊಳಗೇ ಕೂಡಿಹಾಕಬಹುದು. ಪ್ಯಾರಸಿಟಮಾಲ್, ಐಬುಪ್ರೊಫೆನ್ ನಾಯಿಗೆ ಅಪಾಯ. ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯೋಟಿಕ್ ತಂದು ಹಾಕುವುದೂ ತಪ್ಪು. ಓಆರ್‌ಎಸ್ ಕೊಡಬೇಕೆನಿಸಿದರೂ ಎಷ್ಟು ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಹಂತ 7: ಇವು ಕಂಡರೆ ಕಾಯಬೇಡಿ

- ಆರು ತಿಂಗಳೊಳಗಿನ ಮರಿಗೆ ವಾಂತಿ, ಭೇದಿ ಎರಡೂ ಇದ್ದರೆ.
- ಮಲದಲ್ಲಿ ರಕ್ತ ಕಂಡರೆ, ಅಥವಾ ಮಲ ಕಪ್ಪಾದರೆ.
- ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ.
- ಕರೆದರೂ ಏಳದೆ ಮುದುಡಿ ಮಲಗಿದ್ದರೆ.
- ಹೊಟ್ಟೆ ಉಬ್ಬಿ, ವಾಂತಿಗೆ ಯತ್ನಿಸಿದರೂ ಏನೂ ಬಾರದಿದ್ದರೆ.
- ಪಥ್ಯ ಮಾಡಿದರೂ ಎರಡು ದಿನದಲ್ಲಿ ಭೇದಿ ನಿಲ್ಲದಿದ್ದರೆ.

ಮರಿಗಳ ವಿಷಯದಲ್ಲಿ ಮುಖ್ಯ ಭಯ ಪಾರ್ವೊ. 1978ರ ಸುಮಾರಿಗೆ ಜಗತ್ತಿನಾದ್ಯಂತ ಹರಡಿದ ಈ ವೈರಸ್ ದೇಹ ಹೊಕ್ಕ ಮೂರರಿಂದ ಏಳು ದಿನಕ್ಕೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಅಂದರೆ ಹಳೆಯ ಜಾಗದಲ್ಲಿ ತಗುಲಿದ್ದು ನಿಮ್ಮ ಮನೆಯಲ್ಲಿ ಹೊರಬೀಳಬಹುದು. ಚಿಕಿತ್ಸೆ ಇಲ್ಲದಿದ್ದರೆ ಬಹುಪಾಲು ಮರಿಗಳು ಸಾಯುತ್ತವೆ, ಬೇಗ ಡ್ರಿಪ್ ಹಾಕಿಸಿದರೆ ಹೆಚ್ಚಿನವು ಬದುಕುತ್ತವೆ. ಇಲ್ಲಿ ಒಂದು ರಾತ್ರಿ ಕಾದು ನೋಡುವುದೂ ದುಬಾರಿ.

ಲಿಂಗರಾಜಪುರದವರಿಗೆ ಕಾಕ್ಸ್ ಟೌನ್, ಫ್ರೇಜರ್ ಟೌನ್ ದಾಟಿದರೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಸಿಗುತ್ತದೆ. ಹೆಣ್ಣೂರು ರಸ್ತೆ ಹಿಡಿದು ಹೊರವರ್ತುಲ ರಸ್ತೆಯಲ್ಲಿ ಹೋದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ದೊಮ್ಮಲೂರಿನಲ್ಲಿ ಸೆಸ್ನಾ ಲೈಫ್‌ಲೈನ್ ಎಂಬ ಖಾಸಗಿ ಆಸ್ಪತ್ರೆ ಇದೆ. ಹತ್ತಿರದ ಒಂದು ಕ್ಲಿನಿಕ್ಕು, ರಾತ್ರಿ ತೆರೆದಿರುವ ಒಂದು ಆಸ್ಪತ್ರೆ ಯಾವುದೆಂದು ನಾಯಿ ತರುವ ಮೊದಲೇ ಫೋನ್ ಮಾಡಿ ಕೇಳಿ, ನಂಬರ್ ಇಟ್ಟುಕೊಳ್ಳಿ. ನಾಯಿ ಹತ್ತಿಸಿಕೊಳ್ಳುವ ಒಬ್ಬ ಆಟೋದವರ ನಂಬರೂ ಇರಲಿ. ಭೇದಿಯಾದ ಮರಿಯನ್ನು ಕ್ಲಿನಿಕ್ಕಿನ ನೆಲದ ಮೇಲೆ ಬಿಡಬೇಡಿ, ಬೇರೆ ಮರಿಗಳಿಗೆ ಅಂಟೀತು.

ಹಂತ 8: ಮಲ ಪರೀಕ್ಷೆ ಮಾಡಿಸಿ

ಆ ದಿನದ ತಾಜಾ ಮಲವನ್ನು ಒಂದು ಚಮಚದಷ್ಟು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ ಕೆಲವೇ ಗಂಟೆಗಳಲ್ಲಿ ಕೊಡಿ. ಸೂಕ್ಷ್ಮದರ್ಶಕದಲ್ಲಿ ಜಂತುಗಳ ಮೊಟ್ಟೆ ಕಾಣುತ್ತದೆ. ಜಿಯಾರ್ಡಿಯಾ ಎಂಬ ಪರಾವಲಂಬಿ ದಿನವೂ ಮಲದಲ್ಲಿ ಬರುವುದಿಲ್ಲ, ಎಲ್ಲ ಜಂತುಮಾತ್ರೆಗೂ ಬಗ್ಗುವುದಿಲ್ಲ. ಆದ್ದರಿಂದ ಮೊದಲ ಪರೀಕ್ಷೆಯಲ್ಲಿ ಏನೂ ಸಿಗದೆ ಭೇದಿ ಮುಂದುವರಿದರೆ ಮತ್ತೊಮ್ಮೆ ಮಾಡಿಸಿ. ಜಂತುಹುಳುವಿನ ಔಷಧದ ಪ್ರಮಾಣ ತೂಕದ ಮೇಲೆ ನಿಲ್ಲುತ್ತದೆ, ಅಂದಾಜಿನಲ್ಲಿ ಕೊಡಬೇಡಿ.

ಹಂತ 9: ನೆಲ, ಕೈ ಶುಚಿ ಮಾಡಿ

ದುಂಡುಹುಳು, ಕೊಕ್ಕೆಹುಳು ಮನುಷ್ಯರಿಗೂ ಅಂಟುತ್ತವೆ. ಮಲ ಎತ್ತಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳಿಗೂ ತೊಳೆಸಿ. ಪಾರ್ವೊ ಅನುಮಾನವಿದ್ದರೆ ಫಿನಾಯಿಲ್ ಸಾಲದು. ನೆಲವನ್ನು ಮೊದಲು ಸೋಪಿನಲ್ಲಿ ತೊಳೆದು, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಸುರಿದು ಹತ್ತು ನಿಮಿಷ ಬಿಡಿ. ಬ್ಲೀಚಿಗೆ ಆ್ಯಸಿಡ್ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಲಸಿಕೆಯ ಸುತ್ತುಗಳು ಮುಗಿಯುವ ತನಕ ಮರಿಯನ್ನು ಬೀದಿಯ ನೆಲಕ್ಕಿಳಿಸಬೇಡಿ.

ಕೊನೆಯದಾಗಿ ಒಂದು ಕೋರಿಕೆ. ಮನೆ ಗಲೀಜು ಮಾಡಿತೆಂದು ಮೊದಲ ವಾರದಲ್ಲೇ ನಾಯಿಯನ್ನು ವಾಪಸ್ ಬಿಟ್ಟುಬರಬೇಡಿ. ಹಾಗೆ ಮರಳಿದ ನಾಯಿಗೆ ಮತ್ತೆ ಹೊಸ ಜಾಗ, ಮತ್ತೆ ಹೊಸ ಊಟ, ಮತ್ತೆ ಅದೇ ಭೇದಿ. ಹತ್ತು ದಿನ ತಾಳ್ಮೆಯಿಂದಿರಿ, ಒಮ್ಮೆ ಡಾಕ್ಟರಿಗೆ ತೋರಿಸಿ, ಆಮೇಲೆ ತೀರ್ಮಾನಿಸಿ.