ಬಸುರಿಯ ಕಣ್ಣಿಗೆ ಸ್ಟಿರಾಯ್ಡ್ ಹನಿ: ಹಾಕಬೇಕೇ, ಬಿಡಬೇಕೇ?

ಪ್ರಶ್ನೆ: ನನಗೆ 26 ವರ್ಷ, ಚೊಚ್ಚಲು, ಈಗ ಐದು ತಿಂಗಳು. ಮದುವೆಗೆ ಮೊದಲಿಂದಲೂ ಬಲಗಣ್ಣಿಗೆ ಆಗಾಗ ಯುವೈಟಿಸ್ ಬರುತ್ತದೆ. ಮೊನ್ನೆ ಮತ್ತೆ ಕೆಂಪಾಗಿ, ಬೆಳಕು ನೋಡಲಾಗದಂತಾಯಿತು. ಡಾಕ್ಟರು ಸ್ಟಿರಾಯ್ಡ್ ಹನಿ ಬರೆದರು. ಕೂಸಿಗೆ ತೊಂದರೆಯಾದೀತೆಂದು ಅಂಜಿ ನಡುವೆಯೇ ಬಿಟ್ಟೆ. ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಇದು ತಂಬಾಕಿನ ಘಾಟು, ಹರಳೆಣ್ಣೆ ಬಿಟ್ಟರೆ ಸಾಕು ಅನ್ನುತ್ತಾರೆ ಅತ್ತೆ. ಏಳರಲ್ಲಿ ಕುಬಸ ಮುಗಿಸಿ ಅಥಣಿಯ ತವರಿಗೆ ಹೋಗುವವಳಿದ್ದೇನೆ. ಏನು ಮಾಡಲಿ?
– ನಿಪ್ಪಾಣಿ ಕಡೆಯ ಸಹೋದರಿ

ಉತ್ತರ: ತಂಗಿ, ನಾಳೆಯೇ ಹೋಗಿ ಕಣ್ಣು ತೋರಿಸಿ. ಔಷಧ ನಡುವೆ ಬಿಟ್ಟದ್ದನ್ನೂ ಮುಚ್ಚಿಡದೆ ಹೇಳಿ.

ತಂಬಾಕಿನ ದೂಳಿಗೆ ಕಣ್ಣು ಕೆಂಪಾದೀತು, ನೀರೂ ಸುರಿದೀತು. ಯುವೈಟಿಸ್ ಮಾತ್ರ ಕಣ್ಣಿನೊಳಗಿನ ನಡುಪದರದ ಉರಿಯೂತ. ಹರಳೆಣ್ಣೆ ಅಲ್ಲಿಗೆ ಮುಟ್ಟುವುದಿಲ್ಲ. ಹಾಗೇ ಬಿಟ್ಟರೆ ಪಾಪೆ ಹಿಂದಿನ ಮಸೂರಕ್ಕೆ ಅಂಟಿಕೊಳ್ಳಬಹುದು, ಕಣ್ಣಿನ ಒತ್ತಡ ಏರಬಹುದು, ದೃಷ್ಟಿಯೇ ಕುಂದಬಹುದು.

ಹನಿಯಿಂದ ರಕ್ತಕ್ಕೆ ಸೇರುವ ಸ್ಟಿರಾಯ್ಡ್ ತೀರ ಸ್ವಲ್ಪ. ಅದನ್ನೂ ತಗ್ಗಿಸಬಹುದು: ಹನಿ ಬಿಟ್ಟ ಕೂಡಲೇ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿಂದ ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಒಮ್ಮೆಲೇ ನಿಲ್ಲಿಸಿದರೆ ಉರಿಯೂತ ಮರಳುತ್ತದೆ. ಡಾಕ್ಟರು ಹೇಳಿದಂತೆ ದಿನದ ಹನಿ ಇಳಿಸುತ್ತ ಬನ್ನಿ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ತಂದು ಹಾಕಬೇಡಿ. ಸ್ಟಿರಾಯ್ಡ್ ಹನಿಯಿಂದಲೂ ಕಣ್ಣಿನ ಒತ್ತಡ ಏರುವುದುಂಟು, ಅದನ್ನು ಅಳೆಸುತ್ತಿರಬೇಕು.

ಮುಂದೆ ಪ್ರೆಡ್ನಿಸೋಲೋನ್‌ನಂಥ ಸ್ಟಿರಾಯ್ಡ್ ಮಾತ್ರೆ ಬೇಕಾದರೂ ಗಾಬರಿ ಬೇಡ. ಪ್ರೆಡ್ನಿಸೋಲೋನ್‌ನ ಬಹುಪಾಲನ್ನು ಮಾಸು ತಡೆದು ನಿಷ್ಕ್ರಿಯಗೊಳಿಸುತ್ತದೆ. ಆದರೆ ತಾಯಿಗೆ ಸಕ್ಕರೆ, ಬಿಪಿ ಏರಬಹುದಾದ್ದರಿಂದ ಎರಡನ್ನೂ ತಪಾಸಿಸಬೇಕು. ಈ ಕಾಯಿಲೆಗೆ ಕೊಡುವ ಬೇರೆ ಔಷಧಗಳಲ್ಲಿ ಬಸುರಿಗೆ ಸಲ್ಲದವು ಮೆಥೊಟ್ರೆಕ್ಸೇಟ್ ಮತ್ತು ಮೈಕೊಫೆನೊಲೇಟ್. ಇವನ್ನು ಎಂದಾದರೂ ತೆಗೆದುಕೊಂಡಿದ್ದರೆ ಹೆರಿಗೆ ಡಾಕ್ಟರಿಗೆ ತಿಳಿಸಿ. ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಕೇಳದೆ ನುಂಗಬೇಡಿ.

ಕಣ್ಣಿನ ಡಾಕ್ಟರು, ಹೆರಿಗೆ ಡಾಕ್ಟರು, ಈ ಇಬ್ಬರ ನಡುವಿನ ಸೇತುವೆ ನಿಮ್ಮ ತಾಯಿ ಕಾರ್ಡ್. ಕಾಯಿಲೆಯ ಹೆಸರು, ಹನಿಯ ಹೆಸರು ಅದರಲ್ಲಿ ಬರೆಸಿ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಅಲ್ಲೂ ತೋರಿಸಿ. ತಲೆನೋವಿನ ಜೊತೆ ಎರಡೂ ಕಣ್ಣು ಮಂಜಾದರೆ, ಕಣ್ಣಮುಂದೆ ಮಿಂಚು ಕಂಡರೆ ಯುವೈಟಿಸ್ ಎಂದುಕೊಂಡು ಕೂರಬೇಡಿ. ಅದು ಬಿಪಿ ಏರಿದ ಸೂಚನೆ ಇರಬಹುದು. ಆ ಕ್ಷಣವೇ ಆಸ್ಪತ್ರೆ ಸೇರಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಾಳಜಿ ಹುಟ್ಟಿಸಿದ್ದು ತವರಿನ ಮಾತು. ಈ ಕಾಯಿಲೆ ಸಾಮಾನ್ಯವಾಗಿ ಕೊನೆಯ ತಿಂಗಳುಗಳಲ್ಲಿ ತಣ್ಣಗಿದ್ದು, ಹೆರಿಗೆಯಾದ ಆರು ತಿಂಗಳೊಳಗೆ ಮತ್ತೆ ತಲೆಯೆತ್ತುತ್ತದೆ. ಆಗ ನೀವು ಅಥಣಿಯಲ್ಲಿ, ಕಿವಿ ಕಟ್ಟಿಕೊಂಡು ಕತ್ತಲ ಕೋಣೆಯಲ್ಲಿ ಬಾಣಂತನದಲ್ಲಿರುತ್ತೀರಿ. ನಿಮ್ಮ ಕಣ್ಣಿನ ಡಾಕ್ಟರು ನಿಪ್ಪಾಣಿ ಕಡೆ. ಬೆಳಕಿಗೆ ಬಾರದವಳ ಕಣ್ಣು ಬೆಳಕಿಗೆ ನೋಯುತ್ತದೆಂಬುದು ಯಾರಿಗೂ ತಿಳಿಯದೆ ಹೋದೀತು. ಅದಕ್ಕೇ ಹೊರಡುವ ಮುನ್ನ ಕಡತದ ನಕಲು ತೆಗೆದಿಡಿ. ಕಾಗವಾಡದ ಮೇಲೆ ಹೋದರೆ ಸಿಗುವ ಮಿರಜ್ ಆಗಲಿ, ಬೆಳಗಾವಿಯಾಗಲಿ, ತೋರಿಸುವ ಕಣ್ಣಾಸ್ಪತ್ರೆ ಯಾವುದೆಂದು ಈಗಲೇ ಗೊತ್ತುಮಾಡಿಕೊಳ್ಳಿ. ಕಣ್ಣು ಕೆಂಪಾಗಿ ನೋಯಿತೆಂದರೆ ಬಾಣಂತನ ಮುಗಿಯಲೆಂದು ಕಾಯದೆ ಅಂದೇ ಕರೆದೊಯ್ಯುವಂತೆ ತಾಯಿಗೆ ಹೇಳಿಡಿ. ಹನಿ ಹಾಕುತ್ತಲೇ ಕೂಸಿಗೆ ಹಾಲುಣಿಸಬಹುದು. ಯುವೈಟಿಸ್ ಇದೆಯೆಂಬ ಒಂದೇ ಕಾರಣಕ್ಕೆ ಸಿಜೇರಿಯನ್ ಕೂಡ ಬೇಕಿಲ್ಲ.

ಅತ್ತೆಯನ್ನೂ ನಾಳೆ ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರ ಬಾಯಿಂದಲೇ ಕೇಳಿದರೆ ಹರಳೆಣ್ಣೆಯ ಮಾತು ಅಲ್ಲಿಗೇ ಮುಗಿಯುತ್ತದೆ.