ಶಾಲೆ ಆರಿಸುವ ಮುನ್ನ

ಶಿರಗುಪ್ಪಿಯಂಥ ಊರಿನಿಂದ ಹುಬ್ಬಳ್ಳಿಯ ಶಾಲೆಗಳತ್ತ ನೋಡುವ ಪಾಲಕರು, ಶಾಲೆ ಸರ್ಕಾರಿಯೋ, ಶಿಕ್ಷಕರ ವೇತನವನ್ನು ಸರ್ಕಾರ ಭರಿಸುವ ಅನುದಾನಿತವೋ, ಶುಲ್ಕದಿಂದ ನಡೆಯುವ ಅನುದಾನರಹಿತವೋ ಎಂಬುದಕ್ಕಿಂತ ಮೊದಲು ಅದರ ಮಾಧ್ಯಮವನ್ನು, ಅಂದರೆ ಪಾಠ ನಡೆಯುವ ಭಾಷೆಯನ್ನು ವಿಚಾರಿಸುವುದು ಒಳ್ಳೆಯದು. ರಾಜ್ಯದಲ್ಲಿ ಕನ್ನಡದೊಂದಿಗೆ ಉರ್ದು, ಮರಾಠಿ ಮಾಧ್ಯಮದ ಸರ್ಕಾರಿ ಶಾಲೆಗಳೂ ಇದ್ದು, ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಸೌಲಭ್ಯ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲಂತೂ ಆಯ್ಕೆಯ ಹೊಣೆ ಪಾಲಕರದೇ ಆಗಿದೆ; ಆದರೂ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಎಲ್ಲ ಮಾಧ್ಯಮಗಳಲ್ಲೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕು. ಫಲಕದ ಮೇಲಿನ ಇಂಗ್ಲಿಷ್ ಹೆಸರಿಗೆ ಮಾರುಹೋಗದೆ, ಮಗು ಮನೆಯಲ್ಲಿ ಆಡುವ ಭಾಷೆಯ ಶಾಲೆಗೂ ಒಮ್ಮೆ ಹೋಗಿ, ಶಿಕ್ಷಕರೊಡನೆ ಮಾತನಾಡಿ ನಿರ್ಧರಿಸಿರಿ.