ಚಂದಾ ಮುಗಿದ ಸಂಜೆ, ಬಿಲ್ಲಿಂಗ್ ಕೌಂಟರಿನಲ್ಲಿ

ವರ್ಷದ ಚಂದಾ ಕಟ್ಟಿ ಬಳಸುವ ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ನಮ್ಮ ದಾವಣಗೆರೆ ನರ್ಸಿಂಗ್ ಹೋಮಿಗೆ ಉಪಕಾರವೇ ಆಗಿದೆ. ವಾರ್ಡಿಗೆ ಹೋದ ಪ್ರತಿ ಡ್ರಿಪ್ ಸೆಟ್ಟೂ ರೋಗಿಯ ಲೆಕ್ಕಕ್ಕೆ ತಾನಾಗಿ ಸೇರುತ್ತದೆ. 2022ರ ಜುಲೈ 18ರಿಂದ ದಿನಕ್ಕೆ 5,000 ರೂಪಾಯಿ ಮೀರಿದ ಕೊಠಡಿ ಬಾಡಿಗೆಗೆ, ಐಸಿಯು ಬಿಟ್ಟು, ಶೇ 5 ಜಿಎಸ್‌ಟಿ ಬಂದಾಗಲೂ ನಾವು ತಡಕಾಡಲಿಲ್ಲ.

ನವೀಕರಣದ ಇನ್‌ವಾಯ್ಸ್ ಬಂದದ್ದು ಮಾರ್ಚ್‌ನಲ್ಲಿ. ಆಡಳಿತ ನೋಡಿಕೊಳ್ಳುವುದು ನಮ್ಮ ಡಾಕ್ಟರ ಬಾಮೈದ; ಅವರು ಅದನ್ನು ಮೇಜಿನ ಮೇಲೇ ಇಟ್ಟುಕೊಂಡರು. “ಕಾಯಿಸಿದ್ರೆ ಅವರೇ ರೇಟ್ ಇಳಿಸ್ತಾರೆ ಬಿಡಿ ಮೇಡಂ.” ಚಂದಾದ ಮೇಲೆ ಶೇ 18 ಜಿಎಸ್‌ಟಿ ಉಂಟು, ಚಿಕಿತ್ಸೆಗೆ ತೆರಿಗೆ ವಿನಾಯಿತಿ ಇರುವುದರಿಂದ ಆ ದುಡ್ಡು ನಮಗೆ ಕ್ರೆಡಿಟ್ ಆಗಿ ಸಿಗುವುದಿಲ್ಲ. ಚೌಕಾಸಿ ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಗಡುವಿನ ದಿನ ನಾನು ಫೋನ್ ಮಾಡಿದರೂ ಅವರು ಎತ್ತಲಿಲ್ಲ.

ಆ ಸಂಜೆ ಲಾಗಿನ್ ನಿಂತುಹೋಯಿತು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಹಿರಿಯರೊಬ್ಬರು ಡಿಸ್ಚಾರ್ಜ್‌ಗೆ ತಯಾರಾಗಿ ವೀಲ್‌ಚೇರಿನಲ್ಲಿದ್ದರು. ಕ್ಯಾಶ್‌ಲೆಸ್ ಕೇಸು. ಆಸ್ಪತ್ರೆ ಡಿಸ್ಚಾರ್ಜ್ ಕೋರಿಕೆ ಕಳಿಸಿದ ಮೂರು ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಹೇಳಿದೆ. ಫೈನಲ್ ಬಿಲ್ಲೇ ಇಲ್ಲದೆ ನಾವು ಏನನ್ನು ಕಳಿಸುವುದು? ಸಹಾಯವಾಣಿಯಲ್ಲಿ ಒಂದೇ ಉತ್ತರ: “ಪೇಮೆಂಟ್ ಬಂದ್ರೆ ಓಪನ್ ಆಗುತ್ತೆ.” ಮಗ ಕೌಂಟರಿಗೆ ಬಂದು, “ಎಷ್ಟಾಗುತ್ತೆ ಹೇಳ್ರಿ ಮೇಡಂ, ಅಪ್ಪಂಗೆ ಕೂರಕ್ಕೆ ಆಗ್ತಿಲ್ಲ” ಎಂದ. ಅವನ ಮುಖ ನೋಡಲು ನನ್ನಿಂದಾಗಲಿಲ್ಲ.

ಸಿಸ್ಟರ್ ಕೇಸ್ ಶೀಟ್ ತಂದುಕೊಟ್ಟರು. ಓಟಿ ನೋಟ್ಸಿನ ಪುಟಕ್ಕೆ ಅಂಟಿಸಿದ್ದ ಇಂಪ್ಲಾಂಟ್ ಸ್ಟಿಕರಿನಿಂದ ಶುರುಮಾಡಿದೆ. ಫಾರ್ಮಸಿಯ ಇಂಡೆಂಟ್ ಚೀಟಿಗಳನ್ನು ದಿನವಾರು ಜೋಡಿಸಿ, ವಾಪಸ್ ಬಂದ ಆ್ಯಂಟಿಬಯೋಟಿಕ್ ವಯಲ್‌ಗಳನ್ನು ಕಳೆದು, ಅಡ್ವಾನ್ಸ್ ರಸೀದಿಗಳನ್ನು ಮಗನಿಂದಲೇ ಕೇಳಿ ಪಡೆದು ಬಿಲ್ ಕೈಯಲ್ಲಿ ಬರೆದೆ. ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಟಿಪಿಎಯವರು ಇಂಪ್ಲಾಂಟ್ ಇನ್‌ವಾಯ್ಸ್ ಬೇಕೆಂದು ಒಮ್ಮೆ ಹಿಂದಕ್ಕೆ ಕಳಿಸಿದರು. ಮಂಜೂರಾತಿ ಬರುವಾಗ ರಾತ್ರಿ ಬಹಳ ಆಗಿತ್ತು. ಆಮೇಲೆ ಚಂದಾ ಕಟ್ಟಿದ ಬಳಿಕ ಸಾಫ್ಟ್‌ವೇರ್ ತೆರೆದು ತಾಳೆ ನೋಡಿದರೆ ನನ್ನ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಹೆಚ್ಚುಕಮ್ಮಿ ಇರಲಿಲ್ಲ. ಹಳೆಯ ಬಿಲ್ ಪುಸ್ತಕಗಳನ್ನು ರದ್ದಿಗೆ ಹಾಕಿ ಎಂದವರೂ ಅದೇ ಬಾಮೈದ.

ಈ ಕೆಲಸದಲ್ಲಿರುವವರಿಗೆ ಹೇಳುವುದಿಷ್ಟು. ಚಂದಾ ಮುಗಿದರೂ ನಮ್ಮ ದಾಖಲೆ ನೋಡಲು, ಇಳಿಸಿಕೊಳ್ಳಲು ಅವಕಾಶ ಇರುತ್ತದೆಂದು ಒಪ್ಪಂದದಲ್ಲೇ ಬರೆಸಿ. ಮಾರಲು ಬಂದವರ ಬಾಯಿಮಾತು ಸಾಲದು. ಒಳರೋಗಿಗಳ ಅಂದಂದಿನ ಬಿಲ್ ದಿನಾ ಸಂಜೆ ಪ್ರಿಂಟ್ ತೆಗೆದಿಡಿ. ನವೀಕರಣದ ತಾರೀಖು ಲೆಕ್ಕದ ವರ್ಷ ಮುಗಿಯುವ ಮಾರ್ಚ್‌ನಲ್ಲಿ ಬೀಳದಂತೆ ನೋಡಿಕೊಳ್ಳಿ. ನಮ್ಮದನ್ನು ಈಗ ಜೂನ್‌ಗೆ ಹಾಕಿಸಿದ್ದೇನೆ, ಪಾವತಿಯ ಅಧಿಕಾರವನ್ನೂ ಡಾಕ್ಟರ ಬಳಿ ಹಟ ಹಿಡಿದು ಅಕೌಂಟ್ಸ್ ವಿಭಾಗಕ್ಕೆ ತಂದಿದ್ದೇನೆ.